ನಿಂತ ಕಾರು, ನಡುಗುವ ಬ್ರೇಕು

ತಿಂಗಳುಗಟ್ಟಲೆ ನಿಂತಿದ್ದ ಕಾರನ್ನು ಮತ್ತೆ ರಸ್ತೆಗೆ ಇಳಿಸಿದಾಗ ಬ್ರೇಕ್ ಒತ್ತಿದೊಡನೆ ಶುರುವಾಗುವ ಅದುರಾಟ ಗ್ಯಾರೇಜುಗಳಿಗೆ ಬಹಳ ಹಳೆಯ ದೂರು. ಪೆಡಲು ಒಂದೇ ಲಯದಲ್ಲಿ ಅಂಗಾಲಿಗೆ ಬಡಿಯುತ್ತದೆ, ಸ್ಟೇರಿಂಗ್ ಎಡಬಲಕ್ಕೆ ಕುಣಿಯುತ್ತದೆ, ಕೆಲವೊಮ್ಮೆ ಸೀಟೂ ನಡುಗುತ್ತದೆ. ವೇಗ ಇಳಿದಂತೆ ಬಡಿತ ನಿಧಾನವಾಗುತ್ತದೆ, ಕಾರು ನಿಂತರೆ ತಾನೂ ನಿಲ್ಲುತ್ತದೆ. ಈ ಬಡಿತ ಹುಟ್ಟುವುದು ಚಕ್ರದ ಸುತ್ತಿನಿಂದಲೇ. ಸಾಮಾನ್ಯ ಕಾರಿನ ಚಕ್ರ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಸಾಗುತ್ತದೆ; ಗಂಟೆಗೆ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 12 ಸುತ್ತು. ಡಿಸ್ಕಿನ ಮೇಲೆ ಒಂದು ಕಡೆ ಏರುಪೇರಿದ್ದರೆ ಕಾಲಿಗೆ ಸೆಕೆಂಡಿಗೆ 12 ಹೊಡೆತ ಬೀಳುತ್ತದೆ.

ಕರಾವಳಿ ಕರ್ನಾಟಕದಲ್ಲಿ ಈ ದೂರಿಗೊಂದು ಕಾಲವಿದೆ. ಗಲ್ಫಿನಲ್ಲಿ ದುಡಿಯುವವರ, ಮುಂಬೈಯಲ್ಲಿ ಹೋಟೆಲ್ ನಡೆಸುವವರ ಕಾರುಗಳು ಊರಮನೆಯ ಶೆಡ್ಡಿನಲ್ಲಿ ಇಡೀ ಮಳೆಗಾಲ ಕಳೆಯುತ್ತವೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ, ಗಾಳಿಯಲ್ಲೇ ಉಪ್ಪು ತುಂಬಿರುವ ಊರುಗಳಿವು. ಆಯುಧಪೂಜೆಗೆ ಕಾರನ್ನು ಹೊರಗೆ ತೆಗೆದು, ತೊಳೆದು, ಹೂವು ಹಾಕಿ, ಚಕ್ರದಡಿ ಲಿಂಬೆಹಣ್ಣು ಇಟ್ಟು ಪೇಟೆಯವರೆಗೆ ಹೋಗಿ ಬರುವಷ್ಟರಲ್ಲಿ ನಡುಕ ಗೊತ್ತಾಗುತ್ತದೆ. ಮರುದಿನ ಕಾರು ಗ್ಯಾರೇಜಿನ ಮುಂದೆ ನಿಂತಿರುತ್ತದೆ. 2020ರ ಮಾರ್ಚ್ 25ರಂದು ಶುರುವಾದ ಲಾಕ್‌ಡೌನ್ ಈ ತೊಂದರೆಯನ್ನು ಎಲ್ಲ ಊರುಗಳಿಗೂ ಪರಿಚಯಿಸಿತು. ಉಪ್ಪುಗಾಳಿಯ ಸೋಂಕಿಲ್ಲದ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ನಿಂತ ಕಾರುಗಳೂ ಹೀಗೇ ನಡುಗುತ್ತ ಹೊರಬಂದವು.

ಇಂಥ ಕಾರಿನ ಮುಂದಿನ ಚಕ್ರ ಬಿಚ್ಚಿದಾಗ ಡಿಸ್ಕಿನ ಮೇಲೆ ಕಾಣುವ ಕಂದು ಕಲೆ, 1980ರ ದಶಕದ ಕೊನೆಯಲ್ಲಿ ಹೆಲ್ಪರ್ ಹುಡುಗನಾಗಿ ಕೆಲಸ ಕಲಿತ ಒಬ್ಬನಿಗೆ ತನ್ನ ಮೊದಲ ಗ್ಯಾರೇಜನ್ನು ನೆನಪಿಗೆ ತರುತ್ತದೆ. ಆಗ ಎನ್‌ಎಚ್ 17 ಎನಿಸಿಕೊಂಡಿದ್ದ, ಈಗ ಎನ್‌ಎಚ್ 66 ಆಗಿರುವ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಹೆಂಚಿನ ಮಾಡು, ಮಾಡಿನಡಿ ಆಯಿಲು ಕುಡಿದು ಕಪ್ಪಾದ ಮಣ್ಣಿನ ನೆಲ, ಗೋಡೆಯಲ್ಲಿ ಅಳತೆಯ ಸಾಲಿನಲ್ಲಿ ತೂಗಿದ ಸ್ಪ್ಯಾನರುಗಳು. ಅಲ್ಲಿಗೆ ಬರುತ್ತಿದ್ದವು ಹೆಚ್ಚಾಗಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿನ ಕಾರುಗಳು. ಮೇಸ್ತ್ರಿಗೆ ಮಾತು ಕಡಿಮೆ. ಕಾರು ಬಂದೊಡನೆ ಜಾಕ್ ಹಿಡಿದು ಓಡುವ ಹುಡುಗರಿಗೆ ಅವರು ಹೇಳುತ್ತಿದ್ದುದು ಒಂದೇ: "ಎಂತ ಗಡಿಬಿಡಿ ಮಾರಾಯ? ಬಿಚ್ಚುವ ಮೊದಲು ತಿರುಗಿಸಿ ನೋಡು." ನಿಂತ ಕಾರಿನ ಬ್ರೇಕಿನ ವಿಚಾರದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇಂದಿಗೂ ಇಲ್ಲ. ಅದುರಾಟ ಎಂಬುದು ಲಕ್ಷಣ ಮಾತ್ರ. ಒಂದೇ ನಡುಕಕ್ಕೆ ಹತ್ತಾರು ಕಾರಣಗಳಿರಬಹುದು. ಕ್ರಮ ತಪ್ಪದೆ ಹುಡುಕಿದವನಿಗೆ ಮಾತ್ರ ಅಸಲು ಕಾರಣ ಸಿಗುತ್ತದೆ.

ಆ ಗ್ಯಾರೇಜನ್ನು ಬರೀ ಪ್ರೀತಿಯಿಂದ ನೆನೆದರೆ ಸಾಲದು. ಬೆಳಗಿನ ಚಹಾದ ಜೊತೆ ತನ್ನ ಪಾಲಿನ ಬನ್ಸ್ ಮುರಿದು ಹುಡುಗರಿಗೆ ಕೊಡುತ್ತಿದ್ದ ಮೇಸ್ತ್ರಿಯೇ, ನಟ್ಟಿನ ಥ್ರೆಡ್ ಹಾಳುಮಾಡಿದವನ ಬೆರಳಗೆಣ್ಣಿಗೆ ಸ್ಪ್ಯಾನರಿನಿಂದ ಹೊಡೆಯುತ್ತಿದ್ದರು. ಶಾಲೆಯಲ್ಲಿ ಇರಬೇಕಾದ ವಯಸ್ಸಿನವರು ಕಾರಿನಡಿ ಮಲಗಿರುತ್ತಿದ್ದರು. ಯಾರಿಗೂ ಅದು ತಪ್ಪೆನಿಸುತ್ತಿರಲಿಲ್ಲ. ಈಗ 14 ವರ್ಷದೊಳಗಿನ ಮಕ್ಕಳನ್ನು ಗ್ಯಾರೇಜಿನಲ್ಲಿ ದುಡಿಸಿಕೊಳ್ಳುವುದು ಅಪರಾಧ. ಆ ಬದಲಾವಣೆ ಆಗಲೇಬೇಕಿತ್ತು. ಅಲ್ಲಿ ಕಲಿತ ವಿದ್ಯೆ ದೊಡ್ಡದು, ನಿಜ. ಅದನ್ನು ಕಲಿಯಲು ಒಂದು ಮಗು ಅಷ್ಟು ಬೆಲೆ ತೆರಬೇಕಾಗಿರಲಿಲ್ಲ ಎಂಬುದೂ ಅಷ್ಟೇ ನಿಜ.

ಕಾರು ನಿಂತಲ್ಲೇ ಇದ್ದಾಗ ಬ್ರೇಕಿಗೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಡಿಸ್ಕು, ಡ್ರಮ್ಮು ಸಾಮಾನ್ಯವಾಗಿ ಎರಕದ ಕಬ್ಬಿಣದವು. ಉಜ್ಜುವ ಮುಖಕ್ಕೆ ಬಣ್ಣವನ್ನಾಗಲಿ ಎಣ್ಣೆಯನ್ನಾಗಲಿ ಬಳಿಯುವಂತಿಲ್ಲ. ಆದ್ದರಿಂದ ಒದ್ದೆಯಾದ ಡಿಸ್ಕು ಒಂದೇ ರಾತ್ರಿಯಲ್ಲಿ ಕೆಂಪಗಾಗುತ್ತದೆ. ಅದು ಮೇಲುಮೇಲಿನ ತುಕ್ಕು; ಬೆಳಿಗ್ಗೆ ನಾಲ್ಕು ಸಲ ಬ್ರೇಕ್ ಒತ್ತಿದರೆ ಉಜ್ಜಿಹೋಗುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಹಾಗಲ್ಲ. ಡಿಸ್ಕಿನ ಹೆಚ್ಚಿನ ಭಾಗ ಗಾಳಿಗೆ ತೆರೆದಿರುತ್ತದೆ, ಸ್ವಲ್ಪ ಭಾಗ ಮಾತ್ರ ಎರಡು ಪ್ಯಾಡುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಪ್ಯಾಡು ತೇವವನ್ನೂ ಉಪ್ಪನ್ನೂ ಹಿಡಿದಿಟ್ಟುಕೊಂಡು ಆ ಜಾಗ ಒಣಗದಂತೆ ಮಾಡುತ್ತದೆ. ಹೀಗಾಗಿ ಅಲ್ಲಿ ತುಕ್ಕು ಹಿಡಿಯುವ ರೀತಿಯೇ ಬೇರೆ. ಕಾರು ಓಡಲು ಶುರುವಾದ ಮೇಲೆ ಉಳಿದ ಕಡೆಯ ತುಕ್ಕು ಸವೆದು ಹೊಳಪು ಬರುತ್ತದೆ. ಪ್ಯಾಡಿನಡಿಯ ಜಾಗದಲ್ಲಿ ಮಾತ್ರ ಗಟ್ಟಿ ಕಲೆ ಉಳಿಯುತ್ತದೆ, ಅಥವಾ ಕಬ್ಬಿಣವನ್ನೇ ತಿಂದು ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ.

ಟಾರ್ಚಿನ ಬೆಳಕನ್ನು ಓರೆಯಾಗಿ ಹಿಡಿದರೆ ಈ ಕಲೆ ಚೆನ್ನಾಗಿ ಕಾಣುತ್ತದೆ. ಅದು ಪ್ಯಾಡಿನದೇ ಅಚ್ಚು: ಎರಡು ಬದಿಗೆ ನೇರ ಗೆರೆ, ಮೇಲಂಚು ಡಿಸ್ಕಿನ ಅಂಚಿನ ಜೊತೆಗೇ ಬಾಗಿದ್ದು. ಪ್ಯಾಡಿನ ನಡುವೆ ಸೀಳು ಇದ್ದರೆ ಆ ಸೀಳೂ ಅಚ್ಚಿನಲ್ಲಿ ಮೂಡಿರುತ್ತದೆ. ಹೆಬ್ಬೆರಳ ಉಗುರನ್ನು ಡಿಸ್ಕಿನ ಮೇಲೆ ಎಳೆಯುತ್ತ ಹೋದರೆ ನಯವಾದ ಕಡೆ ಸರಾಗ ಜಾರುತ್ತದೆ, ಗೆರೆ ಬಂದಾಗ ತಡೆಯುತ್ತದೆ. ಉಗುರಿಗೆ ತಡೆದದ್ದು ಕಾಲಿಗೆ ಖಂಡಿತ ಬಡಿಯುತ್ತದೆ.

ಡ್ರಮ್ಮಿನ ಒಳಗೂ ಇದೇ ನಡೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟುಹೋದ ಕಾರಿನಲ್ಲಿ ಶೂಗಳು ಡ್ರಮ್ಮಿಗೆ ಅಂಟಿಕೊಳ್ಳುತ್ತವೆ. ಗೇರಿಗೆ ಹಾಕಿ ಮುಂದೆ ತಳ್ಳಿದಾಗ ಠಪ್ ಎಂಬ ಸದ್ದಿನೊಡನೆ ಬಿಟ್ಟುಕೊಂಡರೆ ಪುಣ್ಯ. ಕೆಲವೊಮ್ಮೆ ಲೈನಿಂಗ್ ಶೂವಿನಿಂದ ಕಿತ್ತು ಡ್ರಮ್ಮಿನಲ್ಲೇ ಉಳಿಯುತ್ತದೆ. ಆಮೇಲೆ ಆ ಚಕ್ರದಲ್ಲಿ ನಡುಕವಷ್ಟೇ ಅಲ್ಲ, ಬ್ರೇಕೇ ಇರುವುದಿಲ್ಲ.

ಪರೀಕ್ಷೆಯ ಮೊದಲ ಹಂತ ಕಾರು ಅಲುಗುವ ಮುಂಚೆಯೇ ಮುಗಿಯಬೇಕು. ಬ್ರೇಕ್ ಆಯಿಲಿನ ಮಟ್ಟ ನೋಡಬೇಕು, ಚಕ್ರಗಳ ಒಳಬದಿಯಲ್ಲಿ ಆಯಿಲು ಸೋರಿದ ಗುರುತಿದೆಯೇ ನೋಡಬೇಕು, ರಬ್ಬರ್ ಹೋಸು ಬಿರುಕು ಬಿಟ್ಟಿದೆಯೇ ಬಾಗಿಸಿ ನೋಡಬೇಕು. ಎಂಜಿನ್ ಆಫ್ ಇದ್ದಾಗ ಪೆಡಲನ್ನು ಗಟ್ಟಿಯಾಗುವವರೆಗೆ ಕೆಲವು ಸಲ ಒತ್ತಿ, ಕಾಲು ಹಾಗೇ ಇಟ್ಟು ಎಂಜಿನ್ ಚಾಲೂ ಮಾಡಬೇಕು. ಪೆಡಲು ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ಇಳಿಯುತ್ತ ನೆಲ ಮುಟ್ಟಿದರೆ ಕಾರನ್ನು ಓಡಿಸಲೇಬಾರದು. ಮಳೆಗಾಲದಲ್ಲಿ ಇಲಿಗಳು ಬಾನೆಟ್ಟಿನಡಿ ಮನೆ ಮಾಡಿರುತ್ತವೆ, ವೈರುಗಳನ್ನು ಕಡಿದಿರುತ್ತವೆ. ಎಬಿಎಸ್ ದೀಪ ಆರದೆ ಉಳಿದರೆ ಅದನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು.

ಎರಡನೆಯ ಹಂತ ಮೇಸ್ತ್ರಿಯ "ತಿರುಗಿಸಿ ನೋಡು". ಉಳಿದ ಚಕ್ರಗಳಿಗೆ ಅಡೆಗಲ್ಲು ಕೊಟ್ಟು, ಜಾಕ್ ಜೊತೆಗೆ ಸ್ಟ್ಯಾಂಡನ್ನೂ ಇಟ್ಟು, ಒಂದೊಂದೇ ಚಕ್ರವನ್ನು ಮೇಲೆತ್ತಿ ಕೈಯಿಂದ ತಿರುಗಿಸಬೇಕು. ಆ ಗ್ಯಾರೇಜಿನಲ್ಲಿ ಅಂಬಾಸಿಡರ್ ಚಕ್ರ ತಿರುಗಿಸಿದ ಮೇಸ್ತ್ರಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಶೂ ಉದ್ದಕ್ಕೂ ಒಂದೇ ಸಮ ಸವರುವ ಸದ್ದಾದರೆ ಅಡ್ಜಸ್ಟ್‌ಮೆಂಟ್ ಬಿಗಿಯಾಗಿದೆ ಎಂದು ಲೆಕ್ಕ. ಪ್ರತಿ ಸುತ್ತಿನಲ್ಲೂ ಅದೇ ಜಾಗಕ್ಕೆ ಬಂದಾಗ ಮಾತ್ರ ಸರ್ ಎಂದು ಹಿಡಿದು ಬಿಟ್ಟರೆ ಡ್ರಮ್ಮಿನ ದುಂಡು ಕೆಟ್ಟಿದೆ ಅಥವಾ ಒಳಗೆ ತುಕ್ಕಿನ ಗಂಟಿದೆ ಎಂದು ಲೆಕ್ಕ. ಚಕ್ರ ತಿರುಗಲೇ ಒಲ್ಲದಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಕಟಕಟ ಎಂದರೆ ಬೇರಿಂಗ್ ಅಥವಾ ಬಾಲ್‌ಜಾಯಿಂಟ್ ಸಡಿಲ. ಡಿಸ್ಕ್ ಬ್ರೇಕಿಗೂ ಈ ಪರೀಕ್ಷೆ ಹಾಗೇ ಸಲ್ಲುತ್ತದೆ. ಅಳತೆಯ ಉಪಕರಣವೇ ಬೇಡದ ಈ ಕೆಲಸವನ್ನು ಬಿಟ್ಟು ನೇರ ಪ್ಯಾಡು ಬದಲಿಸುವುದು ಇಂದಿನ ಅನೇಕ ವರ್ಕ್‌ಶಾಪುಗಳ ರೂಢಿ. ಹೊಸ ಪ್ಯಾಡು ಹಳೆಯ ಡಿಸ್ಕಿನ ಅದೇ ಗುಂಡಿಯ ಮೇಲೆ ಓಡುತ್ತದೆ. ದುಡ್ಡು ಹೋಗುತ್ತದೆ, ನಡುಕ ಉಳಿಯುತ್ತದೆ.

ಮೂರನೆಯ ಹಂತ ಓಡಿಸಿ ನೋಡುವುದು. ಖಾಲಿ ರಸ್ತೆಯಲ್ಲಿ ಮೊದಲು ಬ್ರೇಕ್ ಮುಟ್ಟದೆ ಹೋಗಬೇಕು. ಆಗಲೇ ನಡುಕವಿದ್ದರೆ ಅದು ಸಾಮಾನ್ಯವಾಗಿ ಬ್ರೇಕಿನದಲ್ಲ. ಹೆಚ್ಚಾಗಿ ಒಂದೇ ಭಂಗಿಯಲ್ಲಿ ನಿಂತು ಚಪ್ಪಟೆಯಾದ ಟೈರಿನದು. ಗಾಳಿ ಸರಿಮಾಡಿ ಹತ್ತಿಪ್ಪತ್ತು ಕಿ.ಮೀ. ಓಡಿಸಿ ಟೈರು ಬಿಸಿಯಾದರೆ ಆ ನಡುಕ ಬಹಳಷ್ಟು ಸಲ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಟೈರಿನ ಆಕಾರ ಶಾಶ್ವತವಾಗಿ ಕೆಟ್ಟಿದೆ. ಆಮೇಲೆ ಗಂಟೆಗೆ 60 ಕಿ.ಮೀ. ಸುಮಾರಿನಿಂದ ಮೆಲ್ಲಗೆ ಬ್ರೇಕ್ ಒತ್ತಬೇಕು. ಸ್ಟೇರಿಂಗ್ ಕುಣಿದರೆ ಸಂಶಯ ಮುಂದಿನ ಚಕ್ರಗಳ ಮೇಲೆ. ಸೀಟು ಮತ್ತು ನೆಲ ನಡುಗಿ ಸ್ಟೇರಿಂಗ್ ಸುಮ್ಮನಿದ್ದರೆ ಹಿಂದಿನವುಗಳ ಮೇಲೆ. ಹ್ಯಾಂಡ್‌ಬ್ರೇಕಿಗೆ ಲಿವರ್ ಇರುವ ಕಾರಿನಲ್ಲಿ ಇದನ್ನು ಖಚಿತ ಮಾಡಿಕೊಳ್ಳಬಹುದು. ಯಾರೂ ಇಲ್ಲದ ಕಡೆ, ನೇರ ರಸ್ತೆಯಲ್ಲಿ, ಕಡಿಮೆ ವೇಗದಲ್ಲಿ, ಲಿವರಿನ ಗುಂಡಿ ಒತ್ತಿಹಿಡಿದು ಹ್ಯಾಂಡ್‌ಬ್ರೇಕನ್ನು ಮೆಲ್ಲನೆ ಎಳೆದರೆ ಹಿಂದಿನ ಡ್ರಮ್ಮುಗಳಷ್ಟೇ ಹಿಡಿಯುತ್ತವೆ. ನಡುಕ ಆಗಲೂ ಬಂದರೆ ದೋಷ ಅಲ್ಲೇ ಇದೆ.

ಓಡಿಸಿ ಬಂದೊಡನೆ ಮೇಸ್ತ್ರಿ ನಾಲ್ಕೂ ಚಕ್ರಗಳ ಹತ್ತಿರ ಹೋಗಿ ಅಂಗೈಯ ಹಿಂಬದಿಯನ್ನು ರಿಮ್ಮಿನ ಸಮೀಪ ಹಿಡಿಯುತ್ತಿದ್ದರು, ಮುಟ್ಟುತ್ತಿರಲಿಲ್ಲ. ಒಂದು ಚಕ್ರ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಡಿಸ್ಕ್ ಬ್ರೇಕಿನಲ್ಲಿ ಇದಕ್ಕೆ ಮೂರು ಮುಖ್ಯ ಕಾರಣಗಳು. ಮೊದಲನೆಯದು ಕ್ಯಾಲಿಪರಿನ ಪಿಸ್ಟನ್. ಪೆಡಲು ಬಿಟ್ಟಾಗ ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು ಅದರ ಸುತ್ತಲಿನ ರಬ್ಬರ್ ಸೀಲು. ದೂಳುತಡೆ ಹರಿದು ನೀರು ಸೇರಿ ಪಿಸ್ಟನ್ ತುಕ್ಕು ಹಿಡಿದರೆ ಸೀಲಿಗೆ ಅದನ್ನು ಎಳೆಯುವ ಶಕ್ತಿ ಸಾಲದು. ಎರಡನೆಯದು ಕ್ಯಾಲಿಪರ್ ಜಾರಬೇಕಾದ ಪಿನ್ನುಗಳು. ಗ್ರೀಸು ಒಣಗಿ ಅವು ಜಾಮ್ ಆದರೆ ಒಂದು ಬದಿಯ ಪ್ಯಾಡು ಮಾತ್ರ ಸವೆಯುತ್ತದೆ. ಮೂರನೆಯದು ಒಳಗೆ ಊದಿಕೊಂಡ ಹೋಸು. ಒತ್ತಿದಾಗ ಆಯಿಲು ಹೋಗುತ್ತದೆ, ವಾಪಸು ಬರುವುದಿಲ್ಲ. ಹೀಗೆ ಸದಾ ಉಜ್ಜಿಸಿಕೊಂಡು ಓಡುವ ಡಿಸ್ಕು ವಿಪರೀತ ಕಾದು, ಪ್ಯಾಡಿನ ಪದಾರ್ಥ ಅಲ್ಲಲ್ಲಿ ಅದಕ್ಕೆ ಮೆತ್ತಿಕೊಂಡು, ನಡುಕ ಇನ್ನಷ್ಟು ಹೆಚ್ಚುತ್ತದೆ.

ನಾಲ್ಕನೆಯ ಹಂತ ಅಳತೆ. ಹಳೆಯ ಗ್ಯಾರೇಜು ಸೋಲುತ್ತಿದ್ದುದು ಇಲ್ಲೇ. ಡಿಸ್ಕಿನ ಕಾರುಗಳು ಹೆಚ್ಚಿದಾಗ ಮೇಸ್ತ್ರಿ ಸೀಮೆಸುಣ್ಣದ ತುಂಡನ್ನು ಒಂದು ಆಸರೆಯ ಮೇಲೆ ಸ್ಥಿರವಾಗಿ ಹಿಡಿದು ಡಿಸ್ಕನ್ನು ತಿರುಗಿಸುತ್ತಿದ್ದರು. ಎದ್ದ ಭಾಗಕ್ಕೆ ಸುಣ್ಣ ತಾಗಿ ಗುರುತು ಬೀಳುತ್ತಿತ್ತು. ಜಾಣತನದ ಉಪಾಯವೇ ಸರಿ. ಆದರೆ ಅದರಿಂದ ತಿಳಿಯುವುದು ಡಿಸ್ಕಿನ ಓಲಾಟ ಮಾತ್ರ, ಅದೂ ಕಣ್ಣಂದಾಜು. ಪೆಡಲು ಬಡಿಯಲು ಮುಖ್ಯ ಕಾರಣ ಓಲಾಟವಲ್ಲ, ದಪ್ಪದಲ್ಲಿನ ವ್ಯತ್ಯಾಸ. ಒಂದೇ ಡಿಸ್ಕಿನಲ್ಲಿ ಒಂದು ಕಡೆಗೂ ಇನ್ನೊಂದು ಕಡೆಗೂ 0.02 ಮಿ.ಮೀ. ಆಸುಪಾಸಿನ ವ್ಯತ್ಯಾಸವಿದ್ದರೂ ಚಾಲಕನಿಗೆ ಅದು ತಿಳಿಯಬಹುದು. ಅಷ್ಟು ಸೂಕ್ಷ್ಮವಾದದ್ದು ಸೀಮೆಸುಣ್ಣಕ್ಕೆ ಸಿಗುವುದಿಲ್ಲ, ಎಷ್ಟೇ ಪಳಗಿದ ಬೆರಳಿಗೂ ಸಿಗುವುದಿಲ್ಲ. ಅನುಭವವೊಂದೇ ಸಾಕು ಎಂಬ ಆ ಕಾಲದ ನಂಬಿಕೆಯನ್ನು ಇಲ್ಲಿ ಬಿಡಲೇಬೇಕು.

ಸರಿಯಾದ ಕ್ರಮ ಹೀಗಿದೆ: ಮೈಕ್ರೋಮೀಟರಿನಿಂದ ಡಿಸ್ಕಿನ ಸುತ್ತ ಸಮದೂರದಲ್ಲಿ 8 ಕಡೆ, ಹೊರ ಅಂಚಿನಿಂದ ಒಂದೇ ಅಂತರದಲ್ಲಿ ದಪ್ಪ ಅಳೆದು ಬರೆದುಕೊಳ್ಳಬೇಕು. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳ ಅಂತರವೇ ದಪ್ಪದ ವ್ಯತ್ಯಾಸ. ಆಮೇಲೆ ಚಕ್ರದ ನಟ್ಟುಗಳಿಂದ ಡಿಸ್ಕನ್ನು ಹಬ್ಬಿಗೆ ಬಿಗಿದು, ಡಯಲ್ ಗೇಜಿನ ಮುಳ್ಳು ಒಂದು ಪೂರ್ತಿ ಸುತ್ತಿನಲ್ಲಿ ಎಷ್ಟು ಓಲಾಡುತ್ತದೆ ನೋಡಬೇಕು. ಅನೇಕ ಕಾರುಗಳಿಗೆ 0.05ರಿಂದ 0.1 ಮಿ.ಮೀ.ವರೆಗೆ ಮಿತಿ, ನಿರ್ದಿಷ್ಟ ಅಂಕಿ ಆಯಾ ಕಾರಿನ ಸರ್ವಿಸ್ ಮ್ಯಾನುಯಲ್ಲಿನಲ್ಲಿರುತ್ತದೆ. ಓಲಾಟ ಹೆಚ್ಚಿದ್ದರೆ ಡಿಸ್ಕನ್ನು ದೂರುವ ಮೊದಲು ಬಿಚ್ಚಿ ಹಬ್ಬಿನ ಮುಖ ನೋಡಬೇಕು. ಡಿಸ್ಕಿಗೂ ಹಬ್ಬಿಗೂ ನಡುವೆ ಸಿಕ್ಕ ತುಕ್ಕಿನ ಸಣ್ಣ ಚಕ್ಕೆಯೂ ಡಿಸ್ಕಿನ ಹೊರ ಅಂಚಿಗೆ ಬರುವಾಗ ದೊಡ್ಡ ಓಲಾಟವಾಗುತ್ತದೆ. ತಂತಿಬ್ರಷ್ಷಿನಿಂದ ಎರಡೂ ಮುಖ ಶುಚಿಮಾಡಿ ಮತ್ತೆ ಅಳೆದಾಗ ಓಲಾಟ ಇಲ್ಲದಾದ ಉದಾಹರಣೆಗಳು ಎಷ್ಟೋ ಇವೆ. ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ಸ್ಪ್ಯಾನರಿನಿಂದ, ಹೇಳಿದಷ್ಟೇ ಬಿಗಿಯಬೇಕು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದ ಹಳೆಯ ಪದ್ಧತಿಯೂ ಡಿಸ್ಕನ್ನು ಓಲಿಸುತ್ತಿತ್ತು.

ಬ್ರೇಕಿನ ವೇಷ ಹಾಕಿ ಬರುವ ಬೇರೆ ದೋಷಗಳನ್ನೂ ಇಲ್ಲಿಯೇ ಬೇರ್ಪಡಿಸಬೇಕು. ಕಾರು ನಿಲ್ಲುವ ಕೊನೆಯ ಕೆಲವು ಮೀಟರುಗಳಲ್ಲಿ ಮಾತ್ರ ಪೆಡಲು ಗುರ್ರೆಂದು ಮಿಡಿದರೆ ಅದು ಎಬಿಎಸ್ ಆಗಿರಬಹುದು. ಚಕ್ರದ ಸೆನ್ಸರಿನ ಬುಡದಲ್ಲಿ ತುಕ್ಕು ಕೂತರೆ ಕಡಿಮೆ ವೇಗದಲ್ಲಿ ಸಂಕೇತ ತಪ್ಪಿ, ಚಕ್ರ ಜಾರುತ್ತಿದೆ ಎಂದು ಅದು ತಪ್ಪು ತಿಳಿಯುತ್ತದೆ. ಕಂಟ್ರೋಲ್ ಆರ್ಮಿನ ಬುಷ್ ಸವೆದಿದ್ದರೆ ಸಣ್ಣ ನಡುಕವೂ ದೊಡ್ಡದಾಗಿ ಸ್ಟೇರಿಂಗಿಗೆ ಬರುತ್ತದೆ. ಆಗ ಡಿಸ್ಕು ಬದಲಿಸಿದರೆ ನಡುಕ ಕೆಲವು ಕಾಲ ಅಡಗಿ ಮತ್ತೆ ಮೇಲೇಳುತ್ತದೆ.

ಕಾರಣ ಸಿಕ್ಕ ಮೇಲೆ ಪರಿಹಾರ ಕಷ್ಟದ್ದಲ್ಲ. ತೆಳು ತುಕ್ಕಷ್ಟೇ ಆದರೆ ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ.ನಿಂದ 10 ಕಿ.ಮೀ.ವರೆಗೆ ಹದವಾಗಿ ಬ್ರೇಕ್ ಒತ್ತಿ ಇಳಿಸುವುದು, ನಡುವೆ ಗಾಳಿಗೆ ತಣಿಯಲು ಬಿಡುವುದು. ಹೀಗೆ ಹಲವು ಸಲ ಮಾಡಿದರೆ ಮುಖ ಹೊಳಪಾಗುತ್ತದೆ. ಬಿಸಿ ಬ್ರೇಕಿನಲ್ಲಿ ಪೆಡಲು ಒತ್ತಿಹಿಡಿದು ನಿಲ್ಲಬಾರದು, ಪ್ಯಾಡಿನ ಹೊಸ ಅಚ್ಚು ಬೀಳುತ್ತದೆ. ಅಷ್ಟಕ್ಕೂ ಹೋಗದ ಕಲೆ ಇದ್ದು ಡಿಸ್ಕಿನಲ್ಲಿ ದಪ್ಪ ಉಳಿದಿದ್ದರೆ ಲೇತಿನಲ್ಲಿ ಎರಡೂ ಮುಖ ತೆಗೆಸಬಹುದು. ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಅದರ ಕೆಳಗಿಳಿದರೆ, ಅಥವಾ ಗುಳಿ ಆಳವಾಗಿದ್ದರೆ, ಹೊಸದು ಹಾಕುವುದೇ ದಾರಿ, ಅದೂ ಎಡ ಬಲ ಎರಡಕ್ಕೂ. ಡಿಸ್ಕು ಬದಲಿಸಿದಾಗ ಪ್ಯಾಡೂ ಹೊಸದಿರಬೇಕು. ಪಿನ್ನುಗಳಿಗೆ ಬ್ರೇಕಿಗೆಂದೇ ಬರುವ ಗ್ರೀಸನ್ನೇ ಹಾಕಬೇಕು. ಆ ಗ್ಯಾರೇಜಿನಲ್ಲಿ ಎಲ್ಲದಕ್ಕೂ ಒಂದೇ ಡಬ್ಬಿಯ ಗ್ರೀಸು, ರಬ್ಬರ್ ಕಪ್ಪುಗಳನ್ನು ತೊಳೆಯಲು ಪೆಟ್ರೋಲು. ಬ್ರೇಕಿನ ರಬ್ಬರು ಎರಡರಿಂದಲೂ ಊದಿಕೊಳ್ಳುತ್ತದೆ. ಕೆಲವೇ ತಿಂಗಳಲ್ಲಿ ಅದೇ ಕಾರು ಅದೇ ದೂರಿನೊಡನೆ ಬರುತ್ತಿದ್ದುದಕ್ಕೆ ಕಾರಣ ಆ ಡಬ್ಬಿಯೂ ಹೌದು.

ಇನ್ನೊಂದು ಅಭ್ಯಾಸವನ್ನು ಹೆಚ್ಚು ಗಟ್ಟಿಯಾಗಿ ಹೇಳಬೇಕು. ಡ್ರಮ್ಮು ತೆಗೆದೊಡನೆ ಹುಡುಗರು ಕಂಪ್ರೆಸರಿನ ಗಾಳಿ ಹಿಡಿದು ದೂಳು ಹಾರಿಸುತ್ತಿದ್ದರು. ಮಾಡಿನ ಸಂದಿಯಿಂದ ಇಳಿಯುವ ಬಿಸಿಲಕೋಲಿನಲ್ಲಿ ಆ ಬೂದು ದೂಳು ಬಹಳ ಹೊತ್ತು ತೇಲುತ್ತಿತ್ತು. ಆ ಕಾಲದ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ನಾರು ಶ್ವಾಸಕೋಶಕ್ಕೆ ಸೇರಿದರೆ ದಶಕಗಳ ನಂತರ ಕ್ಯಾನ್ಸರಾಗಿ ಕಾಣಿಸಿಕೊಳ್ಳಬಲ್ಲದು; ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಎಷ್ಟೋ ಪಟ್ಟು. ಮೇಸ್ತ್ರಿಯ ಕಿವಿಯ ಮೇಲೆ ಸದಾ ಒಂದು ಬೀಡಿ ಇರುತ್ತಿತ್ತು. ಅವರಿಗೆ ಇದನ್ನು ಹೇಳಿದವರು ಯಾರೂ ಇರಲಿಲ್ಲ; ಹೇಳಬೇಕಾಗಿದ್ದುದು ಲೈನಿಂಗ್ ಮಾಡಿ ಮಾರಿದವರ ಹೊಣೆ. ಇಂದಿನ ಪ್ಯಾಡುಗಳು ಬಹುಪಾಲು ಕಲ್ನಾರಿಲ್ಲದವು. ಆದರೂ ಬ್ರೇಕಿನ ದೂಳನ್ನು ಗಾಳಿಯಿಂದ ಊದಬಾರದು. ಬ್ರೇಕ್ ಕ್ಲೀನರಿನಿಂದಲೋ ಒದ್ದೆ ಬಟ್ಟೆಯಿಂದಲೋ ತೆಗೆಯಬೇಕು, ಮುಖಕ್ಕೆ ಮಾಸ್ಕ್ ಇರಬೇಕು.

ಅಂಬಾಸಿಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಆ ಗ್ಯಾರೇಜಿನ ಜಾಗ ಚತುಷ್ಪಥಕ್ಕೆ ಹೋಗಿದೆ. ಈಗಿನ ವರ್ಕ್‌ಶಾಪಿನಲ್ಲಿ ಕಾರು ಲಿಫ್ಟಿನ ಮೇಲೆ ಏರುತ್ತದೆ, ಎಬಿಎಸ್ಸಿನ ದೋಷವನ್ನು ಸ್ಕ್ಯಾನರ್ ಓದಿ ಹೇಳುತ್ತದೆ, ಕಲಿಯುವ ಹುಡುಗರು ಐಟಿಐ ಮುಗಿಸಿ ಬರುತ್ತಾರೆ. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಆದರೆ ತುಕ್ಕಿನ ಕಲೆಯನ್ನು ಸ್ಕ್ಯಾನರ್ ಕಾಣಲಾರದು. ಅದಕ್ಕೆ ಚಕ್ರವನ್ನು ಕೈಯಿಂದ ತಿರುಗಿಸುವವರು ಬೇಕು. ಹಳೆಯ ಗ್ಯಾರೇಜಿನ ತಾಳ್ಮೆ, ಹೊಸ ವರ್ಕ್‌ಶಾಪಿನ ಅಳತೆ ಎರಡೂ ಸೇರಿದ ಕಡೆ ಮಾಲೀಕ ಬೇಡದ ಖರ್ಚಿಗೆ ಬೀಳುವುದಿಲ್ಲ.

ಕಾರನ್ನು ನಿಲ್ಲಿಸುವ ಮೊದಲೇ ಎಚ್ಚರ ವಹಿಸಿದರೆ ಈ ತೊಂದರೆಯ ಬಹುಪಾಲು ತಪ್ಪುತ್ತದೆ. ತೊಳೆದ ಕಾರನ್ನು ಒದ್ದೆಯಾಗಿಯೇ ಶೆಡ್ಡಿಗೆ ಸೇರಿಸಬಾರದು. ಒಂದಷ್ಟು ದೂರ ಓಡಿಸಿ, ಬ್ರೇಕ್ ಒತ್ತಿ ಒಣಗಿಸಿ ತರಬೇಕು. ಸಮತಟ್ಟು ನೆಲದಲ್ಲಿ ಗೇರಿಗೆ ಹಾಕಿ, ಚಕ್ರಗಳಿಗೆ ಅಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಹೊದಿಕೆ ಗಾಳಿಯಾಡುವ ಬಟ್ಟೆಯದಾಗಿರಲಿ. ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೇ ಕೂಡಿಡುತ್ತದೆ. ಬ್ರೇಕ್ ಆಯಿಲು ಗಾಳಿಯ ತೇವ ಹೀರುತ್ತದೆ: ಡಾಟ್ 4 ಆಯಿಲು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಆದ್ದರಿಂದ ಓಡಿದ ಕಿಲೋಮೀಟರು ಎಷ್ಟೇ ಕಡಿಮೆಯಿರಲಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಊರಿನಲ್ಲಿ ನಂಬಿಕೆಯವರಿದ್ದರೆ ಎರಡು ವಾರಕ್ಕೊಮ್ಮೆ ಕಾರನ್ನು ಹತ್ತಿಪ್ಪತ್ತು ಕಿ.ಮೀ. ಓಡಿಸಲು ಹೇಳಬೇಕು. ನಿಂತಲ್ಲೇ ಎಂಜಿನ್ ಚಾಲೂ ಮಾಡಿಟ್ಟರೆ ಡಿಸ್ಕಿಗೆ ಏನೂ ಪ್ರಯೋಜನವಿಲ್ಲ. ಚಕ್ರ ತಿರುಗಬೇಕು, ಪ್ಯಾಡು ಉಜ್ಜಬೇಕು.